ಆಟದ ಪೀರಿಯಡ್ ಯಾರದ್ದು? ಮುಖ್ಯ ಶಿಕ್ಷಕರ ಕೆಲಸ ಮತ್ತು ದೈಹಿಕ ಶಿಕ್ಷಣ: ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತೊಂಬತ್ತು ವರ್ಷ ಗಣಿತ ಮೇಷ್ಟ್ರಾಗಿದ್ದೆ. ಆಮೇಲೆ ಹನ್ನೊಂದು ವರ್ಷ ಸರ್ಕಾರಿ ಪ್ರೌಢಶಾಲೆಯ ಮುಖ್ಯ ಶಿಕ್ಷಕನಾಗಿದ್ದು ನಿವೃತ್ತನಾದೆ. ಈಗಲೂ ಯಾರಾದರೂ ಫೋನ್ ಮಾಡುತ್ತಲೇ ಇರುತ್ತಾರೆ. ಕೆಲವರು ಪೋಷಕರು, ಕೆಲವರು ಹೊಸದಾಗಿ ಎಚ್.ಎಂ. (ಮುಖ್ಯ ಶಿಕ್ಷಕರು) ಆದವರು, ಕೆಲವರು ದೈಹಿಕ ಶಿಕ್ಷಣದ ಪದವಿ ಬಿ.ಪಿ.ಇಡಿ. ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ಹುಡುಗರು. ಕೇಳುವುದು ಹೆಚ್ಚುಕಡಿಮೆ ಅದೇ ಪ್ರಶ್ನೆಗಳು. ಅವನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ. ಇಲ್ಲಿರುವುದು ಮುಖ್ಯವಾಗಿ ಕರ್ನಾಟಕದ ಶಾಲೆಗಳ ವಿಚಾರ.

ಮುಖ್ಯ ಶಿಕ್ಷಕರು, ಉಪಪ್ರಾಂಶುಪಾಲರು, ಪ್ರಿನ್ಸಿಪಾಲ್: ಇವರೆಲ್ಲ ಬೇರೆ ಬೇರೆಯಾ?

ಹುದ್ದೆಯ ಹೆಸರು ಬೇರೆ, ತಲೆನೋವು ಒಂದೇ. ಸರ್ಕಾರಿ ಪ್ರಾಥಮಿಕ ಶಾಲೆ ಮತ್ತು ಪ್ರೌಢಶಾಲೆಯಲ್ಲಿ ಮುಖ್ಯ ಶಿಕ್ಷಕರು ಇರುತ್ತಾರೆ. ಪಿಯು ಕಾಲೇಜಿನ ಜೊತೆಗೇ ಪ್ರೌಢಶಾಲೆ ಇದ್ದರೆ ಕಾಲೇಜಿಗೆ ಪ್ರಾಂಶುಪಾಲರು, ಪ್ರೌಢಶಾಲಾ ವಿಭಾಗಕ್ಕೆ ಉಪಪ್ರಾಂಶುಪಾಲರು. ಖಾಸಗಿ ಶಾಲೆಯಲ್ಲಿ ಎಲ್ಲರೂ ಪ್ರಿನ್ಸಿಪಾಲ್ ಅನ್ನುತ್ತಾರೆ. ಸಣ್ಣ ಹಳ್ಳಿ ಶಾಲೆಯಲ್ಲಿ ಇರುವ ಇಬ್ಬರು ಮೂವರು ಶಿಕ್ಷಕರಲ್ಲಿ ಹಿರಿಯರೊಬ್ಬರು 'ಪ್ರಭಾರಿ' ಆಗಿ ಪಾಠವನ್ನೂ ಮಾಡುತ್ತಾರೆ, ಶಾಲೆಯನ್ನೂ ನಡೆಸುತ್ತಾರೆ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ ಲೆಕ್ಕದಲ್ಲಿ ಪ್ರತ್ಯೇಕ ಮುಖ್ಯ ಶಿಕ್ಷಕರು ಬೇಕಾಗುವುದು 1ರಿಂದ 5ರಲ್ಲಿ 150 ಮಕ್ಕಳು ದಾಟಿದಾಗ, 6ರಿಂದ 8ರಲ್ಲಿ 100 ದಾಟಿದಾಗ.

ಎಚ್.ಎಂ.ಗೆ ದಿನವಿಡೀ ಏನು ಕೆಲಸ? ಸುಮ್ನೆ ಕೂತಿರುತ್ತಾರೆ ಅನಿಸುತ್ತದಲ್ಲ?

ಕೂತಿರುವುದು ನಿಜ. ಏನು ಮಾಡುತ್ತಾ ಕೂತಿರುತ್ತಾರೆ ಅಂತ ಒಂದು ಬೆಳಗ್ಗೆ ಬಂದು ನೋಡಿ.

ಗೇಟು ತೆಗೆಸಿ ಒಳಗೆ ಬರುವಷ್ಟರಲ್ಲಿ ಅಡುಗೆಯವರು ಬಾಗಿಲಲ್ಲಿ ನಿಂತಿರುತ್ತಾರೆ. ಗ್ಯಾಸ್ ಇವತ್ತಿಗೆ ಮಾತ್ರ ಬರುತ್ತದೆ ಸಾರ್. ಹಾಲಿನ ಪುಡಿ ಲೆಕ್ಕ, ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು, ಇದನ್ನು ಪ್ರಾರ್ಥನೆ ಮುಗಿಯುವುದರೊಳಗೆ ಬರೆದಿಡಬೇಕು. ಇಬ್ಬರು ಶಿಕ್ಷಕರು ತರಬೇತಿಗೆ ಹೋಗಿರುತ್ತಾರೆ, ಅವರ ತರಗತಿಗೆ ಯಾರನ್ನು ಕಳಿಸುವುದು? ಯಾರೋ ಪೋಷಕರು ಟಿಸಿ ಕೇಳಿಕೊಂಡು ಬಂದಿರುತ್ತಾರೆ. ಎಸ್‌ಎಟಿಎಸ್ ಅನ್ನುವ ಮಕ್ಕಳ ವಿವರದ ಆನ್‌ಲೈನ್ ದಾಖಲೆಯಲ್ಲಿ ಒಂದು ಮಗುವಿನ ಹೆಸರಿನ ಅಕ್ಷರ ಆಧಾರ್ ಜೊತೆ ತಾಳೆಯಾಗಿರುವುದಿಲ್ಲ, ಅದಕ್ಕೆ ವಿದ್ಯಾರ್ಥಿವೇತನ ನಿಂತಿರುತ್ತದೆ. ಅಷ್ಟರಲ್ಲಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ವಾಟ್ಸ್ಯಾಪ್: 'ಈ ಮಾಹಿತಿಯನ್ನು ಮಧ್ಯಾಹ್ನ 12ರೊಳಗೆ ತಪ್ಪದೇ ಸಲ್ಲಿಸುವುದು.' ಆ ಮಾಹಿತಿ ಹೋದ ವಾರವೇ ಕೊಟ್ಟಿರುತ್ತೇವೆ. ಆದರೂ ಇನ್ನೊಂದು ಫಾರ್ಮ್ಯಾಟ್‌ನಲ್ಲಿ ಮತ್ತೆ ಕೊಡಬೇಕು.

ಇದರ ಮೇಲೆ ಶಾಲೆಯ ಅಂಕಿ-ಅಂಶ ತುಂಬುವ ಯುಡೈಸ್, ವೇತನ ಬಿಲ್ಲು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ, ಶೌಚಾಲಯದ ನೀರು, ಸೋರುವ ಚಾವಣಿ. ಪ್ರೌಢಶಾಲೆಯಾದರೆ ಎಸ್ಸೆಸ್ಸೆಲ್ಸಿ ಫಲಿತಾಂಶ. ವರ್ಷದ ಕೊನೆಗೆ ಎಚ್.ಎಂ. ಅನ್ನು ಅಳೆಯುವ ಕೋಲು ಅದೊಂದೇ. ಫಲಿತಾಂಶ ಕಡಿಮೆ ಬಂದ ಶಾಲೆಗೆ ನೋಟಿಸ್ ಬರುತ್ತದೆ. ಮಕ್ಕಳು ವರ್ಷವಿಡೀ ಒಂದು ದಿನವೂ ಓಡಲಿಲ್ಲ ಅಂತ ಯಾವ ಎಚ್.ಎಂ.ಗೂ ನೋಟಿಸ್ ಬಂದಿದ್ದು ನನ್ನ ಸರ್ವಿಸ್‌ನಲ್ಲಿ ನೋಡಲಿಲ್ಲ. ಮುಂದಿನ ಉತ್ತರಗಳನ್ನೆಲ್ಲ ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡು ಓದಿ.

ಇಷ್ಟೆಲ್ಲದರ ಮಧ್ಯೆ ದೈಹಿಕ ಶಿಕ್ಷಣಕ್ಕೆ ಎಚ್.ಎಂ. ಏನು ಮಾಡಬಲ್ಲರು?

ಎಚ್.ಎಂ. ಕೈಯಲ್ಲಿ ಎರಡು ವಸ್ತು ಇರುತ್ತವೆ: ವೇಳಾಪಟ್ಟಿ ಮತ್ತು ಬೀಗದ ಕೈ. ಆಟದ ಪೀರಿಯಡ್ ಯಾವಾಗ ಇಡಬೇಕು, ಅದನ್ನು ಬೇರೆಯವರಿಗೆ ಬಿಟ್ಟುಕೊಡಬೇಕಾ ಅನ್ನುವುದನ್ನು ತೀರ್ಮಾನಿಸುವುದು ಬೆಂಗಳೂರಿನ ಕಚೇರಿಯಲ್ಲ, ದೆಹಲಿಯ ನೀತಿಯೂ ಅಲ್ಲ. ಜೂನ್ ಮೊದಲ ವಾರ ಸ್ಟಾಫ್ ರೂಮಿನಲ್ಲಿ ಪೆನ್ಸಿಲ್, ರಬ್ಬರ್ ಹಿಡಿದು ವೇಳಾಪಟ್ಟಿ ಹಾಕುವವರು. ಆಟದ ಸಾಮಾನಿನ ಬೀರು ತೆರೆದಿರುತ್ತದಾ ಮುಚ್ಚಿರುತ್ತದಾ ಅನ್ನುವುದು ಕೂಡ ಅವರದೇ ತೀರ್ಮಾನ.

ವೇಳಾಪಟ್ಟಿ ಹಾಕುವಾಗ ಆಗುವುದು ಹೀಗೆ. ಮೊದಲು ಗಣಿತ, ವಿಜ್ಞಾನ, ಇಂಗ್ಲಿಷ್ ಬೆಳಗಿನ ಜಾಗ ಹಿಡಿಯುತ್ತವೆ. ಆಮೇಲೆ ಉಳಿದ ವಿಷಯಗಳು. ಕೊನೆಗೆ ಖಾಲಿ ಉಳಿದ ಮನೆಗಳಲ್ಲಿ 'ದೈ.ಶಿ.' ಅಂತ ತುಂಬುತ್ತೇವೆ. ಹಾಗಾಗಿ ಅದು ಕೊನೆಯ ಪೀರಿಯಡ್‌ಗೇ ಬರುತ್ತದೆ. ಕೊನೆಯ ಪೀರಿಯಡ್‌ಗೆ ಇಟ್ಟರೆ ಒಂದು ಅನುಕೂಲವೂ ಇದೆ, ಬಿಸಿಲು ಇಳಿದಿರುತ್ತದೆ. ಆದರೆ ಮಳೆ ಬಂದರೆ, ಬಸ್ಸು ಬೇಗ ಹೊರಟರೆ, ಸಭೆ ಇದ್ದರೆ ಮೊದಲು ಹಾರುವುದು ಆ ಪೀರಿಯಡ್ಡೇ. ಎರಡು ಮೂರು ತರಗತಿಗೆ ಒಂದೇ ಹೊತ್ತಿನಲ್ಲಿ ಆಟ ಹಾಕಿಬಿಟ್ಟರೆ ಇನ್ನೂರು ಮಕ್ಕಳು, ಎರಡು ಬಾಲು, ಒಬ್ಬ ಮೇಷ್ಟ್ರು. ಅಲ್ಲಿ ಕಲಿಸುವುದಕ್ಕೆ ಏನೂ ಉಳಿಯುವುದಿಲ್ಲ, ಕಾಯುವುದೊಂದೇ ಕೆಲಸ.

ಹೊಸ ಎಚ್.ಎಂ.ಗಳಿಗೆ ನಾನು ಹೇಳುವುದು: ವೇಳಾಪಟ್ಟಿಯಲ್ಲಿ ಮೊದಲು ದೈಹಿಕ ಶಿಕ್ಷಣವನ್ನು ತುಂಬಿ. ಒಂದು ಸಲಕ್ಕೆ ಒಂದೇ ತರಗತಿ ಮೈದಾನದಲ್ಲಿರಲಿ. ಗಣಿತಕ್ಕೆ ಹೇಗಾದರೂ ಜಾಗ ಸಿಕ್ಕೇ ಸಿಗುತ್ತದೆ, ಅದರ ಚಿಂತೆ ನಿಮಗೆ ಬೇಡ.

ಪರೀಕ್ಷೆ ಹತ್ತಿರ ಬಂದಾಗ ಆಟದ ಪೀರಿಯಡ್ ಗಣಿತಕ್ಕೆ ಕೊಡುವುದು ತಪ್ಪಾ?

ಈ ಪ್ರಶ್ನೆಗೆ ಉತ್ತರ ಹೇಳುವ ಯೋಗ್ಯತೆ ನನಗೆ ಕಡಿಮೆ. ಯಾಕೆಂದರೆ ಹತ್ತೊಂಬತ್ತು ವರ್ಷ ಆ ಪೀರಿಯಡ್ ಕೇಳಿಕೊಂಡು ಹೋಗುತ್ತಿದ್ದವನು ನಾನೇ. "ಸಾರ್, ತ್ರಿಕೋನಮಿತಿ ಮುಗಿದಿಲ್ಲ, ಇವತ್ತು ನಿಮ್ಮ ಪೀರಿಯಡ್ ಕೊಡಿ." ಪಿ.ಟಿ. ಮೇಷ್ಟ್ರು ಪಾಪ, ಒಂದು ದಿನವೂ ಇಲ್ಲ ಅನ್ನಲಿಲ್ಲ. ಅವರು ನನ್ನ ಪೀರಿಯಡ್ ಕೇಳಿದ್ದೂ ಇಲ್ಲ. ಕೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆನೇನೋ.

ಒಂದು ಸಲ ಜನವರಿಯಲ್ಲಿ ಹತ್ತನೇ ತರಗತಿಗೆ ಹೋದೆ. ಬಾಗಿಲ ಹತ್ತಿರ ಒಬ್ಬಳು ಹುಡುಗಿ ಥ್ರೋಬಾಲ್ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು. ಚಪ್ಪಲಿ ಬಿಚ್ಚಿ ಮೂಲೆಗೆ ಇಟ್ಟಾಗಿತ್ತು. ನನ್ನ ಕೈಯಲ್ಲಿದ್ದ ಪುಸ್ತಕ ನೋಡಿದಳು. "ಇವತ್ತೂ ಗಣಿತಾನಾ ಸಾರ್?" ಅಂದಳು. ಬಾಲನ್ನು ಬೆಂಚಿನ ಕೆಳಗೆ ತಳ್ಳಿ ಕೂತಳು. ಆ ಪೀರಿಯಡ್ ಪೂರ್ತಿ ಅವಳ ಕಾಲು ಬೆಂಚಿನಡಿಯ ಬಾಲನ್ನು ಹಿಂದೆ ಮುಂದೆ ಉರುಳಿಸುತ್ತಿತ್ತು. ನಾನು ಬೋರ್ಡಿನ ಮೇಲೆ ಸೈನ್, ಕಾಸ್ ಬರೆಯುತ್ತಿದ್ದೆ. ಅವಳಿಗೆ ಏನೂ ಹತ್ತಲಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಆದ್ದರಿಂದ, ಹೌದು, ತಪ್ಪೇ. ತೀರಾ ಬೇಕಾದರೆ ಸಾಲ ಅಂತ ತಗೊಳ್ಳಿ, ಅದೇ ವಾರ ತೀರಿಸಿ. ನಾನು ಎಚ್.ಎಂ. ಆದ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೆ. ಪೀರಿಯಡ್ ತಗೊಂಡವರು ಅದರಲ್ಲಿ ಬರೆದು ಸಹಿ ಹಾಕಬೇಕು, ಯಾವತ್ತು ವಾಪಸ್ ಕೊಡುತ್ತೇನೆ ಅಂತಲೂ ಬರೆಯಬೇಕು. ಎರಡು ತಿಂಗಳಲ್ಲಿ ಕೇಳುವವರೇ ಕಡಿಮೆಯಾದರು. ಮೊದಲ ಸಹಿ ನನ್ನದೇ ಇತ್ತು ಅನ್ನುವುದು ಬೇರೆ ಮಾತು.

ಜಾಸ್ತಿ ಆಡಿದರೆ ಮಾರ್ಕ್ಸ್ ಕಡಿಮೆ ಆಗಲ್ವಾ?

ಪೋಷಕರ ನಂಬರ್ ಒನ್ ಪ್ರಶ್ನೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2010ರಲ್ಲಿ ಇದೇ ವಿಚಾರದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿತು. ಶಾಲೆಯಲ್ಲಿ ದೈಹಿಕ ಶಿಕ್ಷಣಕ್ಕೆ ಸಮಯ ಹೆಚ್ಚಿಸಿದರೆ ಓದಿಗೆ ಪೆಟ್ಟು ಬೀಳುವುದಿಲ್ಲ, ಕೆಲವು ಕಡೆ ಓದು ಸುಧಾರಿಸಿದ್ದೂ ಉಂಟು ಅನ್ನುವುದೇ ಅದರ ಸಾರ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಪ್ರಕಾರ 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಓಡಾಡಬೇಕು. ವಾರಕ್ಕೆ ಕನಿಷ್ಠ ಮೂರು ದಿನ ಮೂಳೆ, ಸ್ನಾಯು ಗಟ್ಟಿಯಾಗುವ ಚಟುವಟಿಕೆ ಬೇಕು. ನಿಮ್ಮ ಮಗು ಸ್ಕೂಲ್ ವ್ಯಾನ್ ಇಳಿದು ಟ್ಯೂಷನ್‌ಗೆ ಹೋಗಿ, ಅಲ್ಲಿಂದ ಮೊಬೈಲಿಗೆ ಬಂದು ಕೂರುವುದಾದರೆ ಈ 60 ನಿಮಿಷ ಎಲ್ಲಿಂದ ಬರಬೇಕು? ಹೊಲ, ಕೆರೆ, ಓಣಿ ಇದ್ದ ಕಾಲದಲ್ಲಿ ಶಾಲೆ ಆಡಿಸದಿದ್ದರೂ ನಡೆಯುತ್ತಿತ್ತು.

ದೈಹಿಕ ಶಿಕ್ಷಣ ಒಂದು ವಿಷಯವಾ, ಪಠ್ಯೇತರ ಚಟುವಟಿಕೆಯಾ?

ಕಾಗದದಲ್ಲಿ ವಿಷಯ, ಶಾಲೆಯಲ್ಲಿ ಬಿಡುವು. ಗೊಂದಲ ಇರುವುದು ಇಲ್ಲೇ.

ನಮ್ಮ ರಾಜ್ಯದಲ್ಲಿ ಪ್ರೌಢಶಾಲೆಗೆ ದೈಹಿಕ ಶಿಕ್ಷಣದ ಪಠ್ಯಪುಸ್ತಕವೇ ಇದೆ. ಶಾಲೆ ಅದಕ್ಕೆ ಗ್ರೇಡ್ ಕೊಡುತ್ತದೆ. ಆದರೆ ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಅದರ ಪಾಲು ಸೊನ್ನೆ. ಗ್ರೇಡ್ ಕೂಡ ಹೇಗೆ ಬೀಳುತ್ತದೆ ಅಂತ ಒಳಗಿದ್ದವರಿಗೆ ಗೊತ್ತು: ಮಾರ್ಚ್‌ನಲ್ಲಿ ಒಂದು ಸಂಜೆ ಕೂತು ಎಲ್ಲರಿಗೂ 'ಎ' ಹಾಕುವುದು. ಓಡದ ಮಗುವಿಗೂ 'ಎ', ಜಿಲ್ಲಾ ಮಟ್ಟಕ್ಕೆ ಹೋದ ಮಗುವಿಗೂ 'ಎ'.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಆರ್‌ಟಿಇ ಕಾಯ್ದೆಯನ್ನು ನೋಡಿ. ಶಾಲೆಗೆ ಆಟದ ಮೈದಾನ ಬೇಕು, ಆಟದ ಸಾಮಾನು ಬೇಕು ಅನ್ನುತ್ತದೆ. ಸಂತೋಷ. ಶಿಕ್ಷಕರ ವಿಷಯಕ್ಕೆ ಬಂದಾಗ 6ರಿಂದ 8ರವರೆಗೆ ವಿಜ್ಞಾನ–ಗಣಿತ, ಸಮಾಜ, ಭಾಷೆಗಳಿಗೆ ಒಬ್ಬೊಬ್ಬರು ಶಿಕ್ಷಕರು ಇರಲೇಬೇಕು ಅನ್ನುತ್ತದೆ. ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ? 100 ಮಕ್ಕಳು ದಾಟಿದರೆ ಅರೆಕಾಲಿಕ ಬೋಧಕರು. 100ರೊಳಗಿದ್ದರೆ ಅದೂ ಇಲ್ಲ. 1ರಿಂದ 5ರ ಮಕ್ಕಳಿಗಂತೂ ಆ ಮಾತೇ ಇಲ್ಲ. ಕಾನೂನು ಬರೆದವರೇ ಈ ವಿಷಯವನ್ನು ಅರ್ಧ ಬಾಗಿಲಲ್ಲಿ ನಿಲ್ಲಿಸಿದ ಮೇಲೆ ಎಚ್.ಎಂ. ಒಬ್ಬರನ್ನೇ ಬೈದು ಏನು ಮಾಡುವುದು?

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ, ಪಠ್ಯೇತರ ಅನ್ನುವ ಗೋಡೆಯೇ ಬೇಡ ಅಂದಿತು. ಕರ್ನಾಟಕ ಆ ನೀತಿಯನ್ನು ಬಿಟ್ಟು, ತನ್ನದೇ ನೀತಿಗಾಗಿ 2023ರಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ಆಯೋಗ ಮಾಡಿತು. ನೀತಿಗಳು ಬರುತ್ತವೆ, ಹೋಗುತ್ತವೆ. ಸ್ಟಾಫ್ ರೂಮಿನ ವೇಳಾಪಟ್ಟಿ ಮಾತ್ರ ಹಾಗೇ ಇರುತ್ತದೆ.

ಸಿಬಿಎಸ್‌ಇ ಶಾಲೆಗಳಲ್ಲಿ ದಿನಾ ಆಟದ ಪೀರಿಯಡ್ ಇರಬೇಕಂತೆ, ನಿಜವಾ?

ನಿಜ. 2018ರಲ್ಲಿ ಸಿಬಿಎಸ್‌ಇ 9ರಿಂದ 12ನೇ ತರಗತಿಗೆ ಆರೋಗ್ಯ ಮತ್ತು ದೈಹಿಕ ಶಿಕ್ಷಣವನ್ನು ಕಡ್ಡಾಯ ಮಾಡಿ, ದಿನಕ್ಕೆ ಒಂದು ಪೀರಿಯಡ್ ಇಡಿ ಅಂದಿತು. ನಿಮ್ಮ ಮಗುವಿನ ಶಾಲೆಯಲ್ಲಿ ಅದು ನಡೆಯುತ್ತಿದೆಯಾ ಅಂತ ಮಗುವನ್ನೇ ಕೇಳಿ. ಡೈರಿಯಲ್ಲಿ ಅಚ್ಚಾದ ವೇಳಾಪಟ್ಟಿ ನಂಬಬೇಡಿ.

'ಡ್ರಿಲ್ ಮೇಷ್ಟ್ರು' ಅನ್ನುವ ಹೆಸರು ಎಲ್ಲಿಂದ ಬಂತು?

ಬ್ರಿಟಿಷರ ಕಾಲದಿಂದ. ಆಗ ಶಾಲೆಯಲ್ಲಿ ವ್ಯಾಯಾಮ ಅಂದರೆ ಕವಾಯತು. ಸೈನ್ಯದಿಂದ ನಿವೃತ್ತರಾದವರು ಬಂದು ಸಾಲು ನಿಲ್ಲಿಸಿ ಎಡ-ಬಲ ಹೇಳಿಸುತ್ತಿದ್ದರು. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಶುರು ಮಾಡಿದ ಮೇಲೆ ಇದನ್ನು ಓದಿ, ತರಬೇತಿ ಪಡೆದು ಕಲಿಸುವ ಶಿಕ್ಷಕರು ನಮ್ಮ ಕಡೆ ಬರಲು ಶುರುವಾಯಿತು. ನೂರು ವರ್ಷವಾಯಿತು. ಹೆಸರು ಮಾತ್ರ ಡ್ರಿಲ್ ಮೇಷ್ಟ್ರೇ. ಅದರಲ್ಲಿ ಪ್ರೀತಿಯೂ ಇದೆ, ಸ್ವಲ್ಪ ತಾತ್ಸಾರವೂ ಇದೆ. ಸ್ಟಾಫ್ ರೂಮಿನಲ್ಲಿ "ಅವರಿಗೇನು ಬಿಡಿ, ನೋಟ್ಸ್ ತಿದ್ದುವ ಹಾಗಿಲ್ಲ" ಅನ್ನುವ ಮಾತು ನಾನೂ ಆಡಿದ್ದೇನೆ.

ದೈಹಿಕ ಶಿಕ್ಷಣ ಶಿಕ್ಷಕರು ಆಗಾಗ ಕ್ರೀಡಾಕೂಟ ಬಹಿಷ್ಕಾರ ಅನ್ನುತ್ತಾರಲ್ಲ, ಅವರ ಬೇಡಿಕೆ ಏನು?

ದುಡ್ಡಿಗಿಂತ ಜಾಸ್ತಿ, ಸ್ಥಾನದ ಪ್ರಶ್ನೆ. ಸಿ.ಪಿ.ಇಡಿ. (ದೈಹಿಕ ಶಿಕ್ಷಣದ ಸರ್ಟಿಫಿಕೇಟ್ ಕೋರ್ಸ್) ಅಥವಾ ಬಿ.ಪಿ.ಇಡಿ. ಮಾಡಿ ಬಂದವರು ಇಲಾಖೆಯಲ್ಲಿ ಗ್ರೇಡ್-2, ಗ್ರೇಡ್-1 ದೈಹಿಕ ಶಿಕ್ಷಣ ಶಿಕ್ಷಕರಾಗಿ ಸೇರುತ್ತಾರೆ. ಪ್ರಾಥಮಿಕದವರು ಗ್ರೇಡ್-2, ಪ್ರೌಢಶಾಲೆಯವರು ಗ್ರೇಡ್-1. ತಮ್ಮನ್ನೂ ಸಹಶಿಕ್ಷಕರೆಂದು ಪರಿಗಣಿಸಿ, ಮುಖ್ಯ ಶಿಕ್ಷಕರ ಬಡ್ತಿಗೆ ದಾರಿ ಬಿಡಿ ಅನ್ನುವುದು ಅವರ ಹಳೆಯ ಬೇಡಿಕೆ. ದೈಹಿಕ ಶಿಕ್ಷಣದ ಬಗ್ಗೆ ಪ್ರೊ. ಎಲ್.ಆರ್. ವೈದ್ಯನಾಥನ್ ಸಮಿತಿ ಕೊಟ್ಟ ವರದಿಯನ್ನು ಜಾರಿ ಮಾಡಿ ಅಂತ ಸಂಘದವರು ವರ್ಷಗಟ್ಟಲೆ ಮನವಿ ಕೊಡುತ್ತಲೇ ಬಂದಿದ್ದಾರೆ.

ನನ್ನ ಅಭಿಪ್ರಾಯ ಕೇಳಿದರೆ ಬೇಡಿಕೆ ನ್ಯಾಯವಾದದ್ದು. ಶಾಲೆಯ ನಾನೂರು ಮಕ್ಕಳ ಹೆಸರು, ಮನೆ, ಯಾರು ಬೆಳಗ್ಗೆ ತಿಂಡಿ ತಿನ್ನದೆ ಬರುತ್ತಾರೆ, ಯಾರ ಅಪ್ಪ ಕುಡಿಯುತ್ತಾನೆ ಅನ್ನುವುದೆಲ್ಲ ಗೊತ್ತಿರುವ ವ್ಯಕ್ತಿ ಪಿ.ಟಿ. ಮೇಷ್ಟ್ರು ಒಬ್ಬರೇ. ನನಗೆ ನಾನು ಪಾಠ ಮಾಡುವ ಮೂರು ಸೆಕ್ಷನ್ ಗೊತ್ತಿತ್ತು, ಅಷ್ಟೇ. ಗಲಾಟೆ ಆದಾಗ ಮಕ್ಕಳು ಮಾತು ಕೇಳುವುದೂ ಅವರದನ್ನೇ. ಅಂಥವರಿಗೆ ಶಾಲೆ ನಡೆಸುವ ಅರ್ಹತೆ ಇಲ್ಲ ಅನ್ನುವುದು ಹೇಗೆ?

ಪಿ.ಟಿ. ಮೇಷ್ಟ್ರಿಗೆ ಬೇರೆ ಕೆಲಸ ಹಚ್ಚಬಹುದಾ?

ಹಚ್ಚುತ್ತೇವೆ. ಪ್ರಾರ್ಥನೆ, ಶಿಸ್ತು, ಬಿಸಿಯೂಟದ ಸಾಲು, ಸ್ವಾತಂತ್ರ್ಯೋತ್ಸವದ ಪೆಂಡಾಲು, ಬಂದವರಿಗೆ ಟೀ, ಬ್ಯಾಂಕಿಗೆ ಹೋಗುವುದು, ಬಿಇಒ ಕಚೇರಿಗೆ ತಪಾಲು, ಗೈರಾದವರ ತರಗತಿ ಸಂಭಾಳಿಸುವುದು. ಬೈಕ್ ಇದ್ದರಂತೂ ಮುಗಿಯಿತು. ಇದರಲ್ಲಿ ಪ್ರಾರ್ಥನೆ, ಶನಿವಾರ ಬೆಳಗಿನ ಸಾಮೂಹಿಕ ಕವಾಯತು ಅವರ ಕೆಲಸವೇ. ಉಳಿದದ್ದು ಎಲ್ಲರೂ ಹಂಚಿಕೊಳ್ಳಬೇಕಾದದ್ದು. ಅವರ ಪೀರಿಯಡ್ ಇರುವಾಗ ಬ್ಯಾಂಕಿಗೆ ಕಳಿಸಬೇಡಿ. ವಿಜ್ಞಾನದ ಮೇಡಂ ಅವರನ್ನು ಪೀರಿಯಡ್ ಬಿಡಿಸಿ ಬ್ಯಾಂಕಿಗೆ ಕಳಿಸುತ್ತೀರಾ? ಅದೇ ಲೆಕ್ಕ.

ನಮ್ಮ ಶಾಲೆಗೆ ದೈಹಿಕ ಶಿಕ್ಷಣ ಶಿಕ್ಷಕರ ಹುದ್ದೆಯೇ ಇಲ್ಲ. ಏನು ಮಾಡುವುದು?

ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಇದೇ ಸಾಮಾನ್ಯ ಸ್ಥಿತಿ. ತರಗತಿ ಶಿಕ್ಷಕರೇ ಆಡಿಸಬೇಕು. ಬಿ.ಪಿ.ಇಡಿ. ಓದಿಲ್ಲ ಅಂತ ಹೆದರಬೇಡಿ. ಆರು ಏಳು ವರ್ಷದ ಮಕ್ಕಳಿಗೆ ಬೇಕಾಗಿರುವುದು ಓಡುವುದು, ಜಿಗಿಯುವುದು, ಎಸೆಯುವುದು, ಹಿಡಿಯುವುದು, ಒಂಟಿ ಕಾಲಲ್ಲಿ ನಿಲ್ಲುವುದು. ಕುಂಟೆಬಿಲ್ಲೆಯಲ್ಲಿ ಇದರಲ್ಲಿ ಮೂರು ಬಂದುಬಿಡುತ್ತವೆ, ಖರ್ಚು ಒಂದು ಬಳಪ. ಲಗೋರಿಗೆ ಏಳು ಚಪ್ಪಟೆ ಕಲ್ಲು, ಒಂದು ಬಟ್ಟೆ ಚೆಂಡು. ಹಗ್ಗ ಒಂದಿದ್ದರೆ ಜಿಗಿತ. ಹಳೆ ಟೈರ್ ಸಿಕ್ಕರೆ ಉರುಳಿಸುವ ಪಂದ್ಯ.

ಒಂದೇ ನಿಯಮ: ಔಟಾದ ಮಗು ಮೂಲೆಯಲ್ಲಿ ಕೂರುವ ಆಟ ಜಾಸ್ತಿ ಆಡಿಸಬೇಡಿ. ಮೊದಲು ಔಟಾಗುವುದು ಯಾವಾಗಲೂ ಹೆಚ್ಚು ಓಡಬೇಕಾಗಿರುವ ಮಗುವೇ.

ಶಾಲೆಗೆ ಮೈದಾನವೇ ಇಲ್ಲದಿದ್ದರೆ?

ಕಾನೂನಿನ ಪ್ರಕಾರ ಇರಬೇಕು. ಹರಿಯಾಣದ ಒಂದು ಹಳ್ಳಿಯಲ್ಲಿ ಶಾಲೆಯ ಮೈದಾನಕ್ಕೆ ಮೀಸಲಾದ ಜಾಗವನ್ನು ಕೆಲವರು ಒತ್ತುವರಿ ಮಾಡಿದ್ದರು. 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆರವು ಮಾಡಲು ಹೇಳಿತು, ಮೈದಾನವಿಲ್ಲದ ಶಾಲೆ ಇರಕೂಡದು ಅಂದಿತು. ಮರುವರ್ಷ ಕೇರಳ ಹೈಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೈದಾನವಿಲ್ಲದ ಶಾಲೆಗಳನ್ನು ಮುಚ್ಚುವುದಕ್ಕೂ ಸರ್ಕಾರ ಹಿಂಜರಿಯಬಾರದು ಅನ್ನುವ ಧಾಟಿಯಲ್ಲಿ ತೀರ್ಪು ಕೊಟ್ಟಿತು.

ಹಳ್ಳಿ ಕಡೆ ಮೈದಾನ ಇರುತ್ತದೆ, ಕಾಂಪೌಂಡ್ ಇರುವುದಿಲ್ಲ. ರಾಗಿ ಒಕ್ಕಣೆ, ಮದುವೆ ಶಾಮಿಯಾನ, ಟ್ರ್ಯಾಕ್ಟರ್, ಎಲ್ಲ ಅಲ್ಲೇ. ಸಂಜೆಯಾದರೆ ಬಾಟಲಿ ಚೂರು. ಎಚ್.ಎಂ. ಮೊದಲು ಮಾಡಬೇಕಾದ ಕೆಲಸ ಶಾಲೆಯ ಜಾಗದ ಪಹಣಿ, ನಕ್ಷೆ, ದಾನಪತ್ರ ಏನಿದೆಯೋ ಅದನ್ನು ಹುಡುಕಿ ಫೈಲ್ ಮಾಡಿಡುವುದು. ಎಷ್ಟೋ ಕಡೆ ಊರಿನ ಹಿರಿಯರು ಬಾಯಿ ಮಾತಲ್ಲಿ ಕೊಟ್ಟ ಜಾಗ, ದಾಖಲೆ ಇರುವುದಿಲ್ಲ. ಮೊಮ್ಮಕ್ಕಳ ಕಾಲಕ್ಕೆ ಬೇಲಿ ಬೀಳುತ್ತದೆ. ಅಳತೆ ಮಾಡಿಸಿ ಕಲ್ಲು ಹಾಕಿಸಿ.

ಪಟ್ಟಣದಲ್ಲಿ ಕಥೆ ಬೇರೆ. ಮೂರನೇ ಮಹಡಿಯ ಮೇಲೆ ಹಸಿರು ಕಾರ್ಪೆಟ್ ಹಾಸಿ 'ಪ್ಲೇ ಏರಿಯಾ' ಅಂತ ಬೋರ್ಡ್ ಹಾಕಿರುತ್ತಾರೆ. ಅಲ್ಲಿ ಓಡಲಾಗುವುದಿಲ್ಲ, ಸಾಲಾಗಿ ನಿಲ್ಲಬಹುದು ಅಷ್ಟೇ. ಜಾಗ ಎಷ್ಟು ಬೇಕು ಅನ್ನುವುದಕ್ಕೆ ಒಂದು ಅಂದಾಜು: ಕೊಕ್ಕೊ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ವಾಲಿಬಾಲ್‌ಗೆ 18 ಉದ್ದ, 9 ಅಗಲ, ಸುತ್ತ ಸ್ವಲ್ಪ ಜಾಗ. ಮಗುವನ್ನು ಸೇರಿಸುವ ಮುಂಚೆ ಹೆಜ್ಜೆ ಹಾಕಿ ಅಳೆದು ನೋಡಿ, ಯಾರೂ ಬೇಡ ಅನ್ನುವುದಿಲ್ಲ.

ಆಟದ ಸಾಮಾನಿಗೆ ದುಡ್ಡು ಎಲ್ಲಿಂದ?

ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕ್ರೀಡಾ ಅನುದಾನ ಅಂತ ಇದೆ. ವರ್ಷಕ್ಕೆ ಪ್ರಾಥಮಿಕ ಶಾಲೆಗೆ 5,000 ರೂಪಾಯಿ, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆ ಮತ್ತು ಅದರ ಮೇಲಿನದಕ್ಕೆ 25,000ದವರೆಗೆ. ಬರುವುದು ತಡವಾಗಬಹುದು. ಬಂದಾಗ "ಮಾರ್ಚ್ 31ರೊಳಗೆ ಖರ್ಚು ಮಾಡಿ ಬಿಲ್ ಕೊಡಿ" ಅನ್ನುವ ಅವಸರ ಇರುತ್ತದೆ. ಆ ಅವಸರದಲ್ಲೇ ಯಾರೂ ಆಡದ ಕೇರಂ ಬೋರ್ಡುಗಳು ಶಾಲೆಗೆ ಬಂದು ಸೇರುವುದು. ಡಿಸೆಂಬರ್‌ನಲ್ಲೇ ಪಿ.ಟಿ. ಮೇಷ್ಟ್ರನ್ನು ಕೂರಿಸಿಕೊಂಡು ಪಟ್ಟಿ ಮಾಡಿಟ್ಟುಕೊಳ್ಳಿ. ಪಂಪು, ಸೂಜಿ, ಸುಣ್ಣದ ಪುಡಿ, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಮರೆಯಬೇಡಿ. ಸೂಜಿ ಇಲ್ಲದೆ ಆರು ತಿಂಗಳು ಗಾಳಿ ಇಲ್ಲದ ಬಾಲುಗಳನ್ನು ಇಟ್ಟುಕೊಂಡಿದ್ದ ಶಾಲೆ ನೋಡಿದ್ದೇನೆ.

ಸಾಮಾನು ಕಳೆದರೆ, ಹಾಳಾದರೆ ಆಡಿಟ್‌ನಲ್ಲಿ ಯಾರು ಉತ್ತರ ಕೊಡಬೇಕು ಅನ್ನುವ ಭಯ ಎಚ್.ಎಂ.ಗಳಿಗೆ ಇದ್ದೇ ಇರುತ್ತದೆ. ಅದಕ್ಕೇ ಬೀರುವಿಗೆ ಬೀಗ. ಬಾಲು ಸವೆಯುವುದಕ್ಕೇ ಇರುವುದು. ಸವೆದ ಬಾಲನ್ನು ದಾಸ್ತಾನು ಪುಸ್ತಕದಲ್ಲಿ 'ಉಪಯೋಗಿಸಿ ಹಾಳಾಗಿದೆ' ಅಂತ ಬರೆದು, ಸಭೆಯಲ್ಲಿ ಒಪ್ಪಿಗೆ ತಗೊಂಡು ತೆಗೆದುಹಾಕಿ. ಅಷ್ಟೇ ವಿಧಾನ.

ಕ್ರೀಡಾಕೂಟದಲ್ಲಿ ಎಚ್.ಎಂ. ಪಾತ್ರ ಏನು?

ಕ್ಲಸ್ಟರ್ ಅಥವಾ ಹೋಬಳಿ ಮಟ್ಟದಿಂದ ಶುರುವಾಗಿ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಮೇಲೆ ಹೋಗುತ್ತದೆ. ವಿಭಾಗ ಅಂದರೆ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ. ಅಲ್ಲಿಂದ ಮುಂದೆ ರಾಷ್ಟ್ರ ಮಟ್ಟ. ಎಚ್.ಎಂ. ಮಾಡುವ ದೊಡ್ಡ ಕೆಲಸ ಒಂದು ಸಹಿ. ಮಗುವಿನ ಹುಟ್ಟಿದ ದಿನಾಂಕ, ತರಗತಿ ದೃಢೀಕರಿಸಿ ಅರ್ಹತಾ ಪತ್ರಕ್ಕೆ ಹಾಕುವ ಸಹಿ. 14 ವರ್ಷದೊಳಗಿನವರ ತಂಡಕ್ಕೆ ಮೀಸೆ ಬಂದ ಹುಡುಗನನ್ನು ಸೇರಿಸಿ ಅಂತ ಊರಿನ ಒತ್ತಡ ಬರುತ್ತದೆ. "ಗೆದ್ದರೆ ನಿಮ್ಮ ಶಾಲೆಗೇ ಹೆಸರು ಸಾರ್" ಅನ್ನುತ್ತಾರೆ. ಪ್ರವೇಶ ರಿಜಿಸ್ಟರ್ ತೆಗೆದು ಎದುರಿಗಿಟ್ಟು ಸಹಿ ಮಾಡಿ, ಇಲ್ಲದಿದ್ದರೆ ಮಾಡಬೇಡಿ. ಸಿಕ್ಕಿಬಿದ್ದರೆ ಹೋಗುವುದು ನಿಮ್ಮ ಕೆಲಸ. ಸಿಕ್ಕಿಬೀಳದಿದ್ದರೆ ಹೋಗುವುದು ನಿಜವಾಗಿ 13 ವರ್ಷದ ಒಬ್ಬ ಹುಡುಗನ ಜಾಗ.

ಇನ್ನೊಂದು. ಕ್ರೀಡಾಕೂಟವೇ ದೈಹಿಕ ಶಿಕ್ಷಣ ಅಲ್ಲ. ಜುಲೈಯಿಂದ ಪಿ.ಟಿ. ಮೇಷ್ಟ್ರು ಒಂಬತ್ತು ಜನರ ಕೊಕ್ಕೊ ತಂಡದ ಹಿಂದೆ ಬಿದ್ದರೆ ಉಳಿದ ಮುನ್ನೂರ ತೊಂಬತ್ತು ಮಕ್ಕಳು ಚಪ್ಪಾಳೆ ತಟ್ಟುವುದಕ್ಕೆ ಮೀಸಲು. ಎಚ್.ಎಂ. ಕೊಠಡಿಯ ಗಾಜಿನ ಬೀರುವಿನಲ್ಲಿ ಶೀಲ್ಡು ತುಂಬಿರುವ ಎಷ್ಟೋ ಶಾಲೆಗಳಲ್ಲಿ ಹೀಗೇ ಆಗುತ್ತದೆ.

ಎಂಟನೇ ತರಗತಿಗೆ ಬಂದ ಮೇಲೆ ಹೆಣ್ಣುಮಕ್ಕಳು ಆಡುವುದನ್ನೇ ನಿಲ್ಲಿಸುತ್ತಾರೆ. ಯಾಕೆ?

ಅವರು ನಿಲ್ಲಿಸುವುದಲ್ಲ, ನಾವು ನಿಲ್ಲಿಸುತ್ತೇವೆ. ಶೌಚಾಲಯದಲ್ಲಿ ನೀರಿಲ್ಲ. ಯೂನಿಫಾರ್ಮ್ ಓಡುವುದಕ್ಕೆ ಆಗುವಂಥದ್ದಲ್ಲ. ಮೈದಾನದ ಪಕ್ಕದ ರಸ್ತೆಯಲ್ಲಿ ಬೈಕ್ ನಿಲ್ಲಿಸಿಕೊಂಡು ನೋಡುವವರು. ಮನೆಯಲ್ಲಿ "ದೊಡ್ಡವಳಾದೆ, ಇನ್ನು ಸಾಕು." ಗಂಡುಮಕ್ಕಳು ಮೈದಾನದ ಮಧ್ಯ ಹಿಡಿದು ಕ್ರಿಕೆಟ್ ಆಡುತ್ತಾರೆ, ಹೆಣ್ಣುಮಕ್ಕಳು ಗೋಡೆ ಬದಿಯಲ್ಲಿ ಕೂತು ಮಾತಾಡುತ್ತಾರೆ.

ನಾವು ಮಾಡಿದ್ದು ಸಣ್ಣ ಕೆಲಸಗಳು. ಆಟದ ದಿನ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಬರಲು ಬಿಟ್ಟೆವು. ವಾರದಲ್ಲಿ ಎರಡು ದಿನ ಮೈದಾನದ ಮಧ್ಯಭಾಗ ಹೆಣ್ಣುಮಕ್ಕಳಿಗೆ ಅಂತ ಮಾಡಿದೆವು. ಶೌಚಾಲಯಕ್ಕೆ ಪೈಪ್ ಎಳೆಸಿದೆವು, ಕ್ರೀಡೆಗೆ ಅತಿ ಹೆಚ್ಚು ಕೆಲಸ ಮಾಡಿದ್ದು ಅದೇ. ಹೊರಗಡೆ ಪಂದ್ಯಕ್ಕೆ ಹೋಗುವಾಗ ಶಿಕ್ಷಕಿಯೊಬ್ಬರು ಜೊತೆಗೆ ಇರಲೇಬೇಕು. ಅವರ ಹೆಸರು, ಫೋನ್ ನಂಬರ್ ಹಿಂದಿನ ದಿನವೇ ಮನೆಗೆ ತಿಳಿಸಿ. ಅರ್ಧ ಪೋಷಕರು ಒಪ್ಪದಿರುವುದು ಆಟಕ್ಕಲ್ಲ, ಕತ್ತಲಾದ ಮೇಲೆ ಬರುವ ಬಸ್ಸಿಗೆ.

ತಪ್ಪು ಮಾಡಿದ ಮಗುವಿಗೆ ಗ್ರೌಂಡ್ ಸುತ್ತ ಓಡಿಸಬಹುದಾ? ಆಟದ ಪೀರಿಯಡ್ ಕಟ್ ಮಾಡಬಹುದಾ?

ಎರಡೂ ಬೇಡ. ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು ಆರ್‌ಟಿಇ ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಬಿಸಿಲಲ್ಲಿ ಹತ್ತು ರೌಂಡ್, ನೂರು ಬಸ್ಕಿ, ಇವು ಅದರಲ್ಲೇ ಬರುತ್ತವೆ. ಕಾನೂನು ಆಚೆಗಿಡಿ. ಹೋಂವರ್ಕ್ ಮಾಡದವನಿಗೆ ಓಟವೇ ಶಿಕ್ಷೆ ಅಂತ ಹೇಳಿ, ಮರುದಿನ ಓಟ ಒಳ್ಳೆಯದು ಅಂತ ಪಾಠ ಮಾಡಿದರೆ ಯಾವ ಮಗು ನಂಬುತ್ತದೆ?

ಆಡುವಾಗ ಪೆಟ್ಟಾದರೆ ಜವಾಬ್ದಾರಿ ಯಾರದ್ದು?

ಎಚ್.ಎಂ.ದು ಮತ್ತು ಆಡಿಸುವವರದು. ಇದೇ ಹೆದರಿಕೆಗೆ ಕೆಲವರು ಆಟವನ್ನೇ ನಿಲ್ಲಿಸುತ್ತಾರೆ. ಬದಲಿಗೆ ವರ್ಷದ ಶುರುವಿನಲ್ಲೇ ಯಾವ ಮಗುವಿಗೆ ಹೃದಯದ ತೊಂದರೆ, ಉಬ್ಬಸ, ಮೂರ್ಛೆ ಇದೆ ಅಂತ ಪೋಷಕರನ್ನು ಕೇಳಿ ಬರೆದಿಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ಪಿ.ಟಿ. ಮೇಷ್ಟ್ರನ್ನೂ ಪಕ್ಕದಲ್ಲಿ ಕೂರಿಸಿ. ಮೈದಾನದಲ್ಲಿ ಕಲ್ಲು, ಗಾಜು ಆರಿಸಿ. ಮಧ್ಯಾಹ್ನ ಊಟವಾದ ತಕ್ಷಣ ಓಡಿಸಬೇಡಿ. ಪೆಟ್ಟಾದರೆ ಮೊದಲು ಆಸ್ಪತ್ರೆ, ಆಮೇಲೆ ಮನೆಗೆ ಫೋನ್, ಆಮೇಲೆ ರಿಜಿಸ್ಟರ್. ಈ ಕ್ರಮ ತಿರುಗಿಸಬೇಡಿ.

ಪೋಷಕರಾಗಿ ನಾವು ಯಾರನ್ನು ಕೇಳಬೇಕು?

ಸರ್ಕಾರಿ, ಅನುದಾನಿತ ಶಾಲೆಯಾದರೆ ಎಸ್‌ಡಿಎಂಸಿ ಇದೆ. ಕಾಯ್ದೆಯ ಪ್ರಕಾರ ಇಂಥ ಸಮಿತಿಯ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಭಾಗ ಪೋಷಕರೇ. ಸಭೆಯಲ್ಲಿ ಕಾಂಪೌಂಡ್, ಬಣ್ಣ, ಸಿಸಿಟಿವಿ ಮಾತು ಮುಗಿದ ಮೇಲೆ "ಹೋದ ತಿಂಗಳು ಎಂಟನೇ ತರಗತಿಗೆ ಎಷ್ಟು ಆಟದ ಪೀರಿಯಡ್ ನಡೆಯಿತು?" ಅಂತ ಕೇಳಿ. ಜಗಳಕ್ಕೆ ಹೋಗಬೇಡಿ, ಬರೀ ಸಂಖ್ಯೆ ಕೇಳಿ. ಖಾಸಗಿ ಶಾಲೆಯಾದರೆ ಪೋಷಕರ ಸಭೆಯಲ್ಲಿ ಮಾರ್ಕ್ಸ್ ಕಾರ್ಡ್ ಕೊಡುವ ಟೀಚರ್ ಹತ್ತಿರ ಸಾಲು ನಿಲ್ಲುತ್ತೀರಲ್ಲ, ಆ ದಿನ ಪಿ.ಟಿ. ಸರ್ ಎಲ್ಲಿದ್ದಾರೆ ಅಂತ ಹುಡುಕಿ. ಬಹುಶಃ ಗೇಟಿನ ಹತ್ತಿರ ಪಾರ್ಕಿಂಗ್ ನೋಡಿಕೊಳ್ಳುತ್ತಿರುತ್ತಾರೆ.

ಶಾಲೆಗೆ ಒಂದು ಸಲ ಹೋದರೆ ಅಲ್ಲಿ ಆಟ ನಡೆಯುತ್ತದಾ ಇಲ್ಲವಾ ಅಂತ ಗೊತ್ತು ಮಾಡಿಕೊಳ್ಳಬಹುದಾ?

ಗೊತ್ತು ಮಾಡಿಕೊಳ್ಳಬಹುದು, ಹತ್ತು ನಿಮಿಷ ಸಾಕು. ಎಚ್.ಎಂ. ಕೊಠಡಿಯ ಶೀಲ್ಡುಗಳನ್ನು ನೋಡಬೇಡಿ. ಆಟದ ಸಾಮಾನಿನ ಬೀರು ಎಲ್ಲಿದೆ ಕೇಳಿ. ಕೀ ತರುವುದಕ್ಕೆ ಎಷ್ಟು ಹೊತ್ತಾಯಿತು ನೋಡಿ. ಬಾಲಿನ ಮೇಲೆ ಕಂಪನಿಯ ಹೆಸರು ಇನ್ನೂ ಓದುವ ಹಾಗಿದ್ದರೆ ಅದು ಮೈದಾನ ನೋಡಿಲ್ಲ. ಚಕ್ಕೆ ಎದ್ದು, ಬಣ್ಣ ಹೋಗಿ, ಮಣ್ಣು ಮೆತ್ತಿದ್ದರೆ ಒಳ್ಳೆಯದು. ಆಮೇಲೆ ಮೈದಾನಕ್ಕೆ ಹೋಗಿ ಕೊಕ್ಕೊ ಕಂಬದ ಬುಡ ನೋಡಿ. ಕಂಬ ಹಿಡಿದು ತಿರುಗಿ ತಿರುಗಿ ಮಕ್ಕಳ ಕಾಲಿಗೆ ಅಲ್ಲಿ ತಟ್ಟೆಯಗಲ ಗುಂಡಿ ಬಿದ್ದಿರಬೇಕು. ಹುಲ್ಲು ಬೆಳೆದಿದ್ದರೆ ಸ್ಟಾಫ್ ರೂಮಿಗೆ ಬಂದು ಗೋಡೆಯ ಮೇಲಿನ ವೇಳಾಪಟ್ಟಿ ನೋಡಿ. 'ದೈ.ಶಿ.' ಅಂತ ಬರೆದಿರುವ ಕಡೆ ರಬ್ಬರಿನಲ್ಲಿ ಉಜ್ಜಿ, ಮೇಲೆ 'ಗಣಿತ' ಅಂತ ಬರೆದ ಗುರುತು ಕಾಣುತ್ತದೆ.